ಓಡಿದಾಗ ಬರುವ ದಮ್ಮು, ವರ್ಷಗಳಿಂದ ಇರುವ ಸೀನು

ವಯಸ್ಕರಲ್ಲಿ ಅಲರ್ಜಿಗೂ ವ್ಯಾಯಾಮದಿಂದ ಉಂಟಾಗುವ ಅಸ್ತಮಾಕ್ಕೂ ಇರುವ ನಂಟನ್ನು ಕುರಿತು ಬೆಳಗಿನ ನಡಿಗೆದಾರರ ಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ

ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಬೆಳಗಿನ ನಡಿಗೆಯವರು, ಕೆಲವರು ಷಟಲ್ ಆಡುವವರು, ಇನ್ನು ಕೆಲವರು ಹತ್ತು ಕಿಲೋಮೀಟರ್ ಓಟಕ್ಕೆ ತಯಾರಿ ನಡೆಸುತ್ತಿರುವವರು ಎಂದು ಸಂಘಟಕರು ತಿಳಿಸಿದ್ದಾರೆ. ಹಾಗಾಗಿ ಅಸ್ತಮಾ ಎಂಬ ವಿಸ್ತಾರವಾದ ವಿಷಯದಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ ಒಂದು ಭಾಗವನ್ನಷ್ಟೇ ಎತ್ತಿಕೊಳ್ಳುತ್ತೇನೆ. ದೇಹ ದಣಿದಾಗ ಎದೆ ಬಿಗಿದು, ಕೆಮ್ಮು ಹತ್ತಿ, ಸುಯ್ ಎಂಬ ಸದ್ದಿನೊಂದಿಗೆ ಉಸಿರು ಸಿಕ್ಕಿಕೊಳ್ಳುವ ತೊಂದರೆಗೂ ಅದೇ ವ್ಯಕ್ತಿಗೆ ಬಹುಕಾಲದಿಂದ ಇರುವ ಅಲರ್ಜಿಗೂ ನಡುವೆ ಏನು ಸಂಬಂಧ ಎಂಬುದು ಇವತ್ತಿನ ವಿಷಯ.

ಇಂಥ ತೊಂದರೆಯಿರುವ ವಯಸ್ಕರು ವೈದ್ಯರ ಮುಂದೆ ಕುಳಿತಾಗ ನಡೆಯುವ ಮಾತುಕತೆ ಬಹುತೇಕ ಒಂದೇ ತೆರನಾಗಿರುತ್ತದೆ. ಹತ್ತು ನಿಮಿಷ ಬಿರುಸಾಗಿ ನಡೆದರೆ ದಮ್ಮು ಬರುತ್ತದೆ, ಹೃದಯದ್ದೇನೋ ಇರಬಹುದೆಂಬ ಭಯದಿಂದ ಇಸಿಜಿ, ಎಕೋ ಎಲ್ಲ ಮಾಡಿಸಿದ್ದಾಯಿತು, ಎಲ್ಲವೂ ಸರಿಯಾಗಿದೆ ಎನ್ನುತ್ತಾರೆ. ಬೆಳಗ್ಗೆ ಎದ್ದಾಗ ಸೀನು ಬರುತ್ತದೆಯೇ, ಮೂಗು ಕಟ್ಟುತ್ತದೆಯೇ, ಕಣ್ಣು ತುರಿಸುತ್ತದೆಯೇ ಎಂದು ಕೇಳಿದರೆ, "ಅದು ಬಿಡಿ ಡಾಕ್ಟ್ರೇ, ಅದು ನನಗೆ ಮೊದಲಿನಿಂದಲೂ ಇದ್ದದ್ದೇ, ಧೂಳು ಕಂಡರೆ ಆಗುವುದಿಲ್ಲ" ಎಂಬ ಉತ್ತರ ಬರುತ್ತದೆ. ಬಿಡಬಾರದ ಸಂಗತಿ ಅದೇ. ವಯಸ್ಕರಲ್ಲಿ ವ್ಯಾಯಾಮದೊಂದಿಗೆ ಬರುವ ಉಬ್ಬಸಕ್ಕೆ ವ್ಯಾಯಾಮವು ಬಹುಪಾಲು ಒಂದು ಪ್ರಚೋದನೆ ಮಾತ್ರ. ಆ ಪ್ರಚೋದನೆಗೆ ಶ್ವಾಸನಾಳವು ಅಷ್ಟು ಜೋರಾಗಿ ಪ್ರತಿಕ್ರಿಯಿಸುವಂತೆ ಅದನ್ನು ಸಿದ್ಧಗೊಳಿಸಿರುವುದು ವರ್ಷಗಳಿಂದ ಒಳಗೆ ನಡೆಯುತ್ತಿರುವ ಅಲರ್ಜಿಯ ಉರಿಯೂತ. ಇದನ್ನು ಗುರುತಿಸದೆ ಕೇವಲ ವ್ಯಾಯಾಮವನ್ನು ನಿಲ್ಲಿಸಿದವರು ಮದ್ದನ್ನು ಬಿಟ್ಟು ರೋಗವನ್ನು ಉಳಿಸಿಕೊಂಡಂತಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓಟಕ್ಕೂ ದಮ್ಮಿಗೂ ಇರುವ ಸಂಬಂಧ ಹೊಸ ಪತ್ತೆಯೇನಲ್ಲ. ಓಟದಿಂದ, ಕಸರತ್ತಿನಿಂದ ಅಥವಾ ಇತರ ಶ್ರಮದಿಂದ ಉಸಿರಾಟ ಕಷ್ಟವಾದರೆ ಅದನ್ನು ಅಸ್ತಮಾ ಎನ್ನುತ್ತಾರೆ ಎಂದು ಕಪ್ಪಡೋಕಿಯದ ಗ್ರೀಕ್ ವೈದ್ಯ ಅರೆಟಿಯಸ್ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿದ್ದ. ಆದರೆ ಅದು ಏಕೆ ಹಾಗಾಗುತ್ತದೆ ಎಂಬುದು ಸ್ಪಷ್ಟವಾದದ್ದು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ.

ನಾವು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 6 ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಬಿರುಸಿನ ವ್ಯಾಯಾಮದಲ್ಲಿ ಅದು 80, 100 ಲೀಟರಿಗೂ ಏರುತ್ತದೆ. ಹೊರಗಿನ ಗಾಳಿ ಎಷ್ಟೇ ತಣ್ಣಗಿರಲಿ, ಎಷ್ಟೇ ಒಣಗಿರಲಿ, ಶ್ವಾಸಕೋಶದ ಆಳವನ್ನು ತಲುಪುವಷ್ಟರಲ್ಲಿ ಅದು 37 ಡಿಗ್ರಿಯಷ್ಟು ಬೆಚ್ಚಗಾಗಿ, ಲೀಟರಿಗೆ 44 ಮಿಲಿಗ್ರಾಂ ನೀರಾವಿಯನ್ನು ಹೊತ್ತಿರಬೇಕು. ಡಿಸೆಂಬರ್ ತಿಂಗಳ ಬೆಂಗಳೂರಿನ ಮುಂಜಾವಿನಲ್ಲಿ ಉಷ್ಣಾಂಶ 15 ಡಿಗ್ರಿ ಇದೆ ಎಂದಿಟ್ಟುಕೊಳ್ಳಿ. ಕೆರೆಯ ದಂಡೆಯ ಮೇಲೆ ಮಂಜು ಕವಿದಿದೆ, ಹುಲ್ಲೆಲ್ಲ ಒದ್ದೆಯಾಗಿದೆ, ಆದ್ದರಿಂದ ಗಾಳಿ ತೇವವಾಗಿದೆ ಎಂದು ನಮಗೆ ಅನ್ನಿಸುತ್ತದೆ. ಆದರೆ 15 ಡಿಗ್ರಿಯ ಗಾಳಿ ಪೂರ್ತಿ ಮಂಜಾಗಿದ್ದರೂ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಲೀಟರಿಗೆ ಸುಮಾರು 13 ಮಿಲಿಗ್ರಾಂ ಮಾತ್ರ. ಉಳಿದ 31 ಮಿಲಿಗ್ರಾಂ ನೀರನ್ನು ನಮ್ಮ ಮೂಗು ಮತ್ತು ಶ್ವಾಸನಾಳಗಳೇ ಒದಗಿಸಬೇಕು. ಮಂಗಳೂರಿನಲ್ಲಿ 28 ಡಿಗ್ರಿಯ ಸೆಕೆಯಲ್ಲಿ, ಶೇ. 85ರ ತೇವಾಂಶದಲ್ಲಿ ಓಡುವವನ ಗಾಳಿಯಲ್ಲಿ ಲೀಟರಿಗೆ 23 ಮಿಲಿಗ್ರಾಂನಷ್ಟು ನೀರಾವಿ ಮೊದಲೇ ಇರುತ್ತದೆ. ಕರಾವಳಿಯಲ್ಲಿ ಆರಾಮವಾಗಿ ಓಡುತ್ತಿದ್ದವರಿಗೆ ಬೆಂಗಳೂರಿಗೆ ಬಂದ ಮೇಲೆ, ಅಥವಾ ಉತ್ತರ ಅಮೆರಿಕದ ಚಳಿಯೂರುಗಳಿಗೆ ಕೆಲಸಕ್ಕೆ ಹೋದ ನಮ್ಮವರಿಗೆ ಅಲ್ಲಿನ ಮೊದಲ ಚಳಿಗಾಲದಲ್ಲಿ, ಉಸಿರು ಕಟ್ಟುವುದಕ್ಕೆ ಈ ಲೆಕ್ಕವೂ ಒಂದು ಕಾರಣವಾಗಬಲ್ಲದು.

ಶ್ವಾಸನಾಳದ ಒಳಮೈಯನ್ನು ಹೊದ್ದಿರುವ ದ್ರವದ ಪದರ ಬಹಳ ತೆಳುವಾದದ್ದು. ನಾಳಗಳ ಮೊದಲ ಹತ್ತು ಕವಲುಗಳಲ್ಲಿ ಅದೆಲ್ಲ ಸೇರಿದರೂ ಒಂದು ಮಿಲಿಲೀಟರಿಗಿಂತ ಕಡಿಮೆ ಎಂದು ಅಂದಾಜಿಸಲಾಗಿದೆ. ರಭಸದ ಉಸಿರಾಟದಲ್ಲಿ ಆ ನೀರು ಆವಿಯಾಗಿ, ಉಳಿದ ದ್ರವ ಸಾಂದ್ರವಾಗಿ ಉಪ್ಪುಪ್ಪಾಗುತ್ತದೆ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಉದುರಿಸಿಟ್ಟರೆ ಅದು ನೀರು ಬಿಡುವ ಹಾಗೆ, ಪಕ್ಕದ ಜೀವಕೋಶಗಳು ತಮ್ಮೊಳಗಿನ ನೀರನ್ನು ಬಿಟ್ಟುಕೊಟ್ಟು ಕುಗ್ಗುತ್ತವೆ. ಈ ವಿವರಣೆಯನ್ನು ದಶಕಗಳ ಪ್ರಯೋಗಗಳಿಂದ ಬೆಳೆಸಿದವರು ಸಿಡ್ನಿಯ ವಿಜ್ಞಾನಿ ಸಾಂಡ್ರಾ ಆಂಡರ್ಸನ್. ಶ್ವಾಸನಾಳ ತಣ್ಣಗಾಗಿ, ವ್ಯಾಯಾಮ ನಿಂತೊಡನೆ ಮತ್ತೆ ಬೆಚ್ಚಗಾಗುವಾಗ ಅಲ್ಲಿನ ರಕ್ತನಾಳಗಳು ಹಿಗ್ಗುವುದೇ ಕಾರಣ ಎಂಬ ಇನ್ನೊಂದು ವಾದವೂ ಇದೆ, ಮತ್ತು ತೀರ ಚಳಿಯ ಗಾಳಿಯಲ್ಲಿ ಅದರ ಪಾಲೂ ಇರಬಹುದು. ಆದರೆ ಬೆಚ್ಚಗಿನ ಒಣಗಾಳಿಯಲ್ಲಿಯೂ ದಮ್ಮು ಬರುತ್ತದೆ ಎಂಬುದರಿಂದ ನೀರಿನ ನಷ್ಟವೇ ಮುಖ್ಯ ಎಂಬ ನಿಲುವು ಇಂದು ಗಟ್ಟಿಯಾಗಿದೆ.

ಅಲರ್ಜಿಯ ಪ್ರವೇಶವಾಗುವುದು ಇಲ್ಲಿ. ನೀರು ಕಳೆದುಕೊಂಡು ಸಾಂದ್ರವಾದ ಆ ಪರಿಸರದಲ್ಲಿ ಮೊದಲು ಕೆರಳುವುದು ಮಾಸ್ಟ್ ಕೋಶ ಎಂಬ ರಕ್ಷಣಾ ಕೋಶ. ಅದು ತನ್ನೊಳಗೆ ಕೂಡಿಟ್ಟಿರುವ ಹಿಸ್ಟಮಿನ್ ಅನ್ನು ಹೊರಚೆಲ್ಲುತ್ತದೆ, ಜೊತೆಗೆ ಲ್ಯೂಕೋಟ್ರೈನ್, ಪ್ರೋಸ್ಟಗ್ಲಾಂಡಿನ್ ಮೊದಲಾದ ರಾಸಾಯನಿಕಗಳನ್ನು ಹೊಸದಾಗಿ ತಯಾರಿಸಿ ಬಿಡುತ್ತದೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳೂ ಇದಕ್ಕೆ ಕೈಜೋಡಿಸುತ್ತವೆ. ಇವು ಶ್ವಾಸನಾಳದ ಸುತ್ತಲಿನ ಸ್ನಾಯುವನ್ನು ಬಿಗಿಯುತ್ತವೆ, ಒಳಪದರವನ್ನು ಊದಿಸುತ್ತವೆ, ಕಫವನ್ನು ಹೆಚ್ಚಿಸುತ್ತವೆ. ಪರಾಗವನ್ನೋ ಧೂಳನ್ನೋ ಉಸಿರಾಡಿದಾಗ ಅಲರ್ಜಿ ಇರುವವರಲ್ಲಿ ಕೆರಳುವುದೂ ಇದೇ ಮಾಸ್ಟ್ ಕೋಶ, ಹೊರಬೀಳುವುದೂ ಇವೇ ರಾಸಾಯನಿಕಗಳು. ಅಲರ್ಜಿಯಲ್ಲಿ ಅದನ್ನು ಕೆರಳಿಸುವುದು ಐಜಿಇ ಎಂಬ ಪ್ರತಿಕಾಯ. ಜಪಾನಿನ ಇಶಿಝಾಕಾ ದಂಪತಿ ಮತ್ತು ಸ್ವೀಡನ್ನಿನ ಸಂಶೋಧಕರು 1960ರ ದಶಕದ ಉತ್ತರಾರ್ಧದಲ್ಲಿ ಪರಸ್ಪರ ಸ್ವತಂತ್ರವಾಗಿ ಅದನ್ನು ಕಂಡುಹಿಡಿದರು. ವ್ಯಾಯಾಮದಲ್ಲಿ ಅದೇ ಕೋಶವನ್ನು ಕೆರಳಿಸುವುದು ನೀರಿನ ನಷ್ಟ. ಹೀಗೆ ಎರಡು ಬೇರೆ ಬೇರೆ ಪ್ರಚೋದನೆಗಳು ಬಂದು ಸೇರುವುದು ಒಂದೇ ಕೋಶದಲ್ಲಿ.

ಯಾರ ಶ್ವಾಸನಾಳದಲ್ಲಿ ಅಲರ್ಜಿಯ ಕಾರಣದಿಂದ ಮಾಸ್ಟ್ ಕೋಶಗಳೂ ಇಯೊಸಿನೊಫಿಲ್‌ಗಳೂ ಮೊದಲೇ ಹೆಚ್ಚಿನ ಸಂಖ್ಯೆಯಲ್ಲಿ ಬಂದು ಕುಳಿತಿರುತ್ತವೆಯೋ ಅವರಲ್ಲಿ ನೀರಿನ ನಷ್ಟಕ್ಕೆ ದೊರೆಯುವ ಪ್ರತಿಕ್ರಿಯೆ ಅಷ್ಟೇ ದೊಡ್ಡದಾಗಿರುತ್ತದೆ. ಅಸ್ತಮಾ ಇರುವವರಲ್ಲಿ ಬಹುಸಂಖ್ಯಾತರಿಗೆ, ಕೆಲವು ಅಧ್ಯಯನಗಳಲ್ಲಿ ಶೇ. 90ರಷ್ಟು ಮಂದಿಗೆ, ವ್ಯಾಯಾಮದಿಂದ ಶ್ವಾಸನಾಳ ಬಿಗಿಯುವುದು ಕಂಡುಬಂದಿದೆ. ಅಸ್ತಮಾ ಇದೆ ಎಂದು ಯಾರೂ ಹೇಳಿರದ, ಕೇವಲ ಮೂಗಿನ ಅಲರ್ಜಿ ಇರುವವರಲ್ಲಿಯೂ ಶೇ. 40ರವರೆಗೆ ಇದು ಕಂಡಿದೆ. ಎರಡನೆಯ ಅಂಕಿ ನನಗೆ ಮೊದಲನೆಯದಕ್ಕಿಂತ ಮುಖ್ಯವೆನಿಸುತ್ತದೆ, ಏಕೆಂದರೆ ಆ ಗುಂಪಿನವರು ತಮ್ಮನ್ನು ಅಸ್ತಮಾ ರೋಗಿಗಳೆಂದು ಎಣಿಸಿರುವುದೇ ಇಲ್ಲ.

ಮೂಗಿನ ಪಾತ್ರ ಇನ್ನೊಂದು ಬಗೆಯದೂ ಇದೆ. ಗಾಳಿಯನ್ನು ಬೆಚ್ಚಗಾಗಿಸುವ, ತೇವಗೊಳಿಸುವ, ಸೋಸುವ ಕೆಲಸಕ್ಕೆಂದೇ ರಚನೆಯಾದ ಅಂಗ ಅದು. ಆರೋಗ್ಯವಂತರೂ ಉಸಿರಾಟ ನಿಮಿಷಕ್ಕೆ 35-40 ಲೀಟರ್ ಮುಟ್ಟಿದಾಗ ಬಾಯಿಯ ಸಹಾಯ ಪಡೆಯುತ್ತಾರೆ. ಅಲರ್ಜಿಯಿಂದ ಮೂಗು ಕಟ್ಟಿದವರು ನಡಿಗೆಯ ಮೊದಲ ಸುತ್ತಿನಿಂದಲೇ ಬಾಯಿ ತೆರೆದಿರುತ್ತಾರೆ. ಆಗ ಒಣಗಾಳಿಯನ್ನು ಸಂಭಾಳಿಸುವ ಹೊರೆ ಪೂರ್ತಿಯಾಗಿ ಕೆಳಗಿನ ಶ್ವಾಸನಾಳಗಳ ಮೇಲೆ ಬೀಳುತ್ತದೆ, ಮೂಗಿನಲ್ಲೇ ನಿಲ್ಲಬೇಕಿದ್ದ ಪರಾಗ ಮತ್ತು ಧೂಳು ಸಹ ಆಳಕ್ಕೆ ಇಳಿಯುತ್ತವೆ. ಮೂಗು ಮತ್ತು ಶ್ವಾಸಕೋಶಗಳನ್ನು ಒಂದೇ ಉಸಿರುದಾರಿಯ ಎರಡು ತುದಿಗಳೆಂದು ಪರಿಗಣಿಸಬೇಕು, ಮೂಗಿನ ಅಲರ್ಜಿ ಇರುವ ಪ್ರತಿಯೊಬ್ಬರಲ್ಲೂ ಅಸ್ತಮಾವನ್ನು ಕೇಳಿ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 2001ರಲ್ಲಿ ಪ್ರಕಟವಾದ ತಜ್ಞರ ವರದಿಯೇ ಹೇಳಿದೆ. ಆದರೂ ಇವತ್ತಿಗೂ ಮೂಗು ಒಬ್ಬ ವೈದ್ಯರ ಬಳಿ, ಎದೆ ಇನ್ನೊಬ್ಬ ವೈದ್ಯರ ಬಳಿ ಹೋಗುತ್ತಿವೆ.

ನಮ್ಮ ಸುತ್ತಲಿನ ಅಲರ್ಜಿಕಾರಕಗಳ ವಿಷಯಕ್ಕೆ ಬರೋಣ. ವರ್ಷವಿಡೀ ಕಾಡುವುದರಲ್ಲಿ ಮೊದಲನೆಯದು ಹಾಸಿಗೆ, ದಿಂಬು, ಸೋಫಾಗಳಲ್ಲಿ ವಾಸಿಸುವ ಧೂಳುನುಸಿ. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಬದುಕುತ್ತದೆ, ತೇವವಿರುವ ಕಡೆ ಹುಲುಸಾಗಿ ಬೆಳೆಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಉದ್ದಕ್ಕೂ ಅದಕ್ಕೆ ಅನುಕೂಲವಾದ ವಾತಾವರಣವಿರುತ್ತದೆ, ಅದರ ಜೊತೆಗೆ ಗೋಡೆಯ ಬೂಷ್ಟಿನ ಬೀಜಕಣಗಳೂ ಸೇರುತ್ತವೆ. ಪಟ್ಟಣದ ಮನೆಗಳಲ್ಲಿ ಜಿರಳೆಯನ್ನು ಮರೆಯುವಂತಿಲ್ಲ. ಇನ್ನು ಬಯಲಿನಲ್ಲಿ, ಖಾಲಿ ನಿವೇಶನಗಳಲ್ಲಿ, ರಸ್ತೆಯ ಅಂಚಿನಲ್ಲಿ ಎಲ್ಲೆಲ್ಲೂ ಕಾಣುವ ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಎಂದು ಕರೆಯುವ ಕಳೆ. 1950ರ ದಶಕದಲ್ಲಿ ಭಾರತದಲ್ಲಿ ಗಮನಕ್ಕೆ ಬಂದ ಈ ಗಿಡ ಚರ್ಮದ ಅಲರ್ಜಿಗೆ ಹೆಸರಾಗಿದೆ. ಆದರೆ ಅದರ ಪರಾಗ ಮೂಗಿನ ಅಲರ್ಜಿಗೂ ಕಾರಣವೆಂದು ಬೆಂಗಳೂರಿನಲ್ಲೇ ನಡೆದ ಅಧ್ಯಯನಗಳು ತೋರಿಸಿವೆ. ಮಳೆ ಬಿದ್ದ ಕೆಲವೇ ವಾರಗಳಲ್ಲಿ ಬಿಳಿ ಹೂ ಬಿಟ್ಟು ನಿಲ್ಲುವ ಈ ಗಿಡದ ಪೊದೆಗಳ ನಡುವೆಯೇ ಎಷ್ಟೋ ಕಡೆ ನಮ್ಮ ನಡಿಗೆಯ ದಾರಿಗಳು ಹಾದುಹೋಗುತ್ತವೆ. ನಿಮ್ಮ ಬಳಗ ಊರಿಗಾಗಿ ಏನಾದರೂ ಮಾಡಬೇಕೆಂದಿದ್ದರೆ, ಹೂ ಬಿಡುವ ಮುಂಚೆಯೇ, ಕೈಗವಸು ಮತ್ತು ಮುಖಗವಸು ಹಾಕಿಕೊಂಡು, ಅಲರ್ಜಿ ಇಲ್ಲದವರ ಕೈಯಿಂದ ಆ ಗಿಡವನ್ನು ಬುಡಸಮೇತ ಕೀಳಿಸುವ ಕೆಲಸವನ್ನು ನಾನು ಎಲ್ಲಕ್ಕಿಂತ ಮೊದಲು ಸೂಚಿಸುತ್ತೇನೆ.

ಅಲರ್ಜಿಕಾರಕವನ್ನು ಉಸಿರಾಡಿದ ಪರಿಣಾಮ ಅದೇ ಗಳಿಗೆಗೆ ಮುಗಿಯುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮೊದಲ ಪ್ರತಿಕ್ರಿಯೆ ಒಂದೆರಡು ಗಂಟೆಗಳಲ್ಲಿ ಇಳಿದರೂ, ಹಲವರಲ್ಲಿ ನಾಲ್ಕಾರು ಗಂಟೆಗಳ ಬಳಿಕ ಎರಡನೆಯ ಅಲೆ ಏಳುತ್ತದೆ, ಅದರ ಬೆನ್ನಿಗೆ ಶ್ವಾಸನಾಳದ ಸೂಕ್ಷ್ಮತೆ ಕೆಲವು ದಿನಗಳ ಕಾಲ ಏರಿಯೇ ಇರುತ್ತದೆ. ಹಬ್ಬದ ಮುಂಚಿನ ಭಾನುವಾರ ಅಟ್ಟದ ಧೂಳು ಹೊಡೆದವರಿಗೆ ಬುಧವಾರದ ಷಟಲ್ ಆಟದಲ್ಲಿ ಉಸಿರು ಸಿಕ್ಕಿಕೊಂಡರೆ ಅವರು ಎರಡಕ್ಕೂ ಸಂಬಂಧ ಕಲ್ಪಿಸುವುದಿಲ್ಲ, ವಯಸ್ಸಾಯಿತು ಎಂದುಕೊಳ್ಳುತ್ತಾರೆ. ಒಂದೇ ದಾರಿ, ಒಂದೇ ವೇಗ, ಆದರೂ ಒಂದು ವಾರ ಸಲೀಸು, ಇನ್ನೊಂದು ವಾರ ದಮ್ಮು ಎನ್ನುವವರಲ್ಲಿ ನಾನು ಮೊದಲು ಹುಡುಕುವುದು ಈ ಹಿಂದಿನ ದಿನಗಳ ಧೂಳು ಮತ್ತು ಪರಾಗವನ್ನು.

ಈಗ ಇದನ್ನು ಗುರುತಿಸುವ ಬಗೆ. ವ್ಯಾಯಾಮದಿಂದ ಬರುವ ಶ್ವಾಸನಾಳದ ಬಿಗಿತಕ್ಕೆ ಒಂದು ವಿಶಿಷ್ಟವಾದ ಸಮಯವಿದೆ. ಹೃದಯದ ತೊಂದರೆಯ ಏದುಸಿರು ಸಾಮಾನ್ಯವಾಗಿ ಶ್ರಮದ ನಡುವೆ ಹೆಚ್ಚಾಗಿ, ನಿಂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಅಸ್ತಮಾದ ಬಿಗಿತವಾದರೋ ವ್ಯಾಯಾಮ ನಿಲ್ಲಿಸಿದ ಮೇಲೆ, 5ರಿಂದ 10 ನಿಮಿಷಗಳಲ್ಲಿ ತುತ್ತತುದಿ ಮುಟ್ಟಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಾನಾಗಿ ಸಡಿಲವಾಗುತ್ತದೆ. ಇನ್ನೊಂದು ತೊಂದರೆ ಗಂಟಲಿನದು: ಶ್ರಮದ ಉತ್ತುಂಗದಲ್ಲಿ ಧ್ವನಿಪೆಟ್ಟಿಗೆ ಕಿರಿದಾಗಿ, ಉಸಿರು ಒಳಗೆ ಎಳೆಯುವಾಗ ಸದ್ದು ಬಂದು, ನಿಂತ ಕೆಲವೇ ನಿಮಿಷಗಳಲ್ಲಿ ಮಾಯವಾಗುತ್ತದೆ. ಅದಕ್ಕೆ ಇನ್ಹೇಲರ್ ಕೆಲಸ ಮಾಡುವುದಿಲ್ಲ, ಉಸಿರಾಟದ ತರಬೇತಿ ಬೇಕು. ಈ ವ್ಯತ್ಯಾಸಗಳು ದಾರಿ ತೋರಿಸುತ್ತವೆಯೇ ಹೊರತು ತೀರ್ಪು ಕೊಡುವುದಿಲ್ಲ. ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ ಇರುವವರಿಗೆ ಹೊಸದಾಗಿ ದಮ್ಮು ಶುರುವಾದರೆ ಹೃದಯದ ಪರೀಕ್ಷೆ ಮೊದಲು ಆಗಲೇಬೇಕು. ಅಲರ್ಜಿ ಇದೆ ಎಂಬ ಕಾರಣಕ್ಕೆ ಎದೆನೋವನ್ನು ಕಡೆಗಣಿಸಬಾರದು.

ವಯಸ್ಕರಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಅವರು ಬಳಸುತ್ತಿರುವ ಇತರ ಔಷಧಿಗಳದು. ರಕ್ತದೊತ್ತಡಕ್ಕೆ, ಕೈನಡುಕಕ್ಕೆ, ಅರೆತಲೆನೋವಿಗೆ ಕೊಡುವ ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳು ಅಸ್ತಮಾವನ್ನು ತೀವ್ರಗೊಳಿಸಬಲ್ಲವು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಅದೇ ಗುಂಪಿನದು, ಕಣ್ಣಿಗೆ ಹಾಕಿದ ಹನಿಯಿಂದ ಎದೆ ಬಿಗಿಯಬಹುದೆಂದು ರೋಗಿಗಳಿಗೆ ಹೊಳೆಯುವುದೇ ಇಲ್ಲ. ಇವುಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಆದರೆ ವೈದ್ಯರಿಗೆ ತಪ್ಪದೆ ತಿಳಿಸಿ.

ಪರೀಕ್ಷೆಯ ವಿಚಾರ. ವಿಶ್ರಾಂತಿಯಲ್ಲಿ ಮಾಡಿದ ಸ್ಪೈರೋಮೆಟ್ರಿ, ಅಂದರೆ ಕೊಳವೆಗೆ ಜೋರಾಗಿ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ, ಸರಿಯಾಗಿ ಬಂದಿತೆಂದರೆ ಈ ತೊಂದರೆ ಇಲ್ಲವೆಂದು ಅರ್ಥವಲ್ಲ, ಅನೇಕರಲ್ಲಿ ಅದು ಸರಿಯಾಗಿಯೇ ಇರುತ್ತದೆ. ಸಂದೇಹ ಉಳಿದರೆ ಓಡಿಸಿಯೇ ನೋಡಬೇಕಾಗುತ್ತದೆ. ಮೂಗಿಗೆ ಕ್ಲಿಪ್ ಹಾಕಿ, ಟ್ರೆಡ್‌ಮಿಲ್ಲಿನ ವೇಗ ಮತ್ತು ಏರನ್ನು ಬೇಗಬೇಗನೆ ಹೆಚ್ಚಿಸಿ, ಎರಡು ಮೂರು ನಿಮಿಷಗಳೊಳಗೆ ಹೃದಯದ ಬಡಿತ ಆ ವಯಸ್ಸಿನ ಗರಿಷ್ಠ ಮಿತಿಯ ಶೇ. 85ರಷ್ಟನ್ನು ತಲುಪುವಂತೆ ಮಾಡಿ, ಒಟ್ಟು 6ರಿಂದ 8 ನಿಮಿಷ ಓಡಿಸುತ್ತಾರೆ. ನಿಧಾನವಾಗಿ ವೇಗ ಏರಿಸಿದರೆ ದೇಹ ಹೊಂದಿಕೊಂಡು ಫಲಿತಾಂಶ ಮಸುಕಾಗುತ್ತದೆ, ಆದ್ದರಿಂದಲೇ ಈ ಅವಸರ. ಓಟ ನಿಂತ ಬಳಿಕ 5, 10, 15, 30ನೆಯ ನಿಮಿಷಗಳಲ್ಲಿ ಮತ್ತೆ ಮತ್ತೆ ಊದಿಸಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂದಿತೆಂದು ಅಳೆಯುತ್ತಾರೆ. ಓಡುವ ಮುನ್ನ 3.2 ಲೀಟರ್ ಇದ್ದದ್ದು ಐದನೆಯ ನಿಮಿಷಕ್ಕೆ 2.9ಕ್ಕೆ, ಹತ್ತನೆಯ ನಿಮಿಷಕ್ಕೆ 2.5ಕ್ಕೆ ಇಳಿದು, ಅರ್ಧ ಗಂಟೆಯಲ್ಲಿ 3ಕ್ಕೆ ಮರಳಿತು ಎಂದುಕೊಳ್ಳಿ. ಇಳಿಕೆ ಶೇ. 22ರಷ್ಟಾಯಿತು. ಶೇ. 10 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ತೊಂದರೆ ಇದೆಯೆಂದು ತೀರ್ಮಾನಿಸುತ್ತೇವೆ. ಆ ಹತ್ತನೆಯ ನಿಮಿಷದಲ್ಲಿ ರೋಗಿ ಕುರ್ಚಿಯಲ್ಲಿ ಕುಳಿತು ಮುಂದಕ್ಕೆ ಬಾಗಿ, ಮಾತನ್ನು ತುಂಡುತುಂಡಾಗಿ ಆಡುತ್ತಿರುತ್ತಾರೆ. ಇಷ್ಟು ದಿನ ತಮಗೆ ದೇಹದ ಕಸುವು ಸಾಲದು ಎಂದು ನಂಬಿದ್ದವರು ಪರದೆಯ ಮೇಲೆ ಆ ಗೆರೆ ಕುಸಿಯುವುದನ್ನು ಆಗ ತಾವೇ ಕಾಣುತ್ತಾರೆ.

ಅಲರ್ಜಿ ಯಾವುದಕ್ಕೆ ಎಂದು ತಿಳಿಯಲು ಮುಂಗೈಯ ಒಳಭಾಗದಲ್ಲಿ ಧೂಳುನುಸಿ, ಪರಾಗ, ಬೂಷ್ಟು ಮುಂತಾದವುಗಳ ಸಾರದ ಒಂದೊಂದು ಹನಿಯಿಟ್ಟು ಸೂಜಿಮೊನೆಯಿಂದ ಚುಚ್ಚುತ್ತಾರೆ. 15-20 ನಿಮಿಷದಲ್ಲಿ 3 ಮಿಲಿಮೀಟರಿಗೆ ಕಡಿಮೆಯಿಲ್ಲದ ದದ್ದು ಎದ್ದರೆ ಆ ವಸ್ತುವಿಗೆ ದೇಹ ಸಂವೇದನಾಶೀಲವಾಗಿದೆ ಎಂದರ್ಥ. ಸಂವೇದನೆ ಇದ್ದ ಮಾತ್ರಕ್ಕೆ ಅದೇ ರೋಗದ ಕಾರಣವೆನ್ನಲಾಗದು, ರೋಗಿಯ ಅನುಭವದೊಂದಿಗೆ ಅದು ತಾಳೆಯಾಗಬೇಕು. ನೂರಾರು ಆಹಾರ ಪದಾರ್ಥಗಳ ಪಟ್ಟಿಯಿರುವ ರಕ್ತಪರೀಕ್ಷೆ ಮಾಡಿಸಿಕೊಂಡು, ಮೊಸರು, ಬಾಳೆಹಣ್ಣು, ಬದನೆಕಾಯಿ ಎಲ್ಲವನ್ನೂ ಬಿಟ್ಟು ಸೊರಗಿದವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ವಯಸ್ಕರ ಅಸ್ತಮಾಕ್ಕೆ ಆಹಾರ ಕಾರಣವಾಗುವುದು ಅಪರೂಪ. ಅಪರೂಪವಾದರೂ ಅಪಾಯಕಾರಿಯಾದ ಒಂದು ಸನ್ನಿವೇಶವಿದೆ, ಅದಕ್ಕೆ ಮುಂದೆ ಬರುತ್ತೇನೆ.

ಈ ತೊಂದರೆ ಇದ್ದರೆ ಆಟೋಟ ಮುಗಿಯಿತು ಎಂಬ ಭಾವನೆ ತಪ್ಪು ಎನ್ನುವುದಕ್ಕೆ ಒಲಿಂಪಿಕ್ಸ್ ಇತಿಹಾಸವೇ ಸಾಕ್ಷಿ. 1972ರ ಮ್ಯೂನಿಕ್ ಕೂಟದಲ್ಲಿ ಹದಿನಾರರ ಹರೆಯದ ಅಮೆರಿಕದ ಈಜುಗಾರ ರಿಕ್ ಡಿಮಾಂಟ್ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದ ಅಂತರದಲ್ಲಿ ಗೆದ್ದ. ಅಲರ್ಜಿಯ ಅಸ್ತಮಾಕ್ಕಾಗಿ ಅವನು ಸೇವಿಸುತ್ತಿದ್ದ ಮಾತ್ರೆಯಲ್ಲಿ ನಿಷೇಧಿತ ಎಫೆಡ್ರಿನ್ ಇತ್ತೆಂಬ ಕಾರಣಕ್ಕೆ ಆ ಚಿನ್ನದ ಪದಕವನ್ನು ಕಿತ್ತುಕೊಳ್ಳಲಾಯಿತು. ತಾನು ಸೇವಿಸುವ ಔಷಧಿಯನ್ನು ಅವನು ಮೊದಲೇ ನಮೂದಿಸಿದ್ದ. ಮರುವರ್ಷ ಅವನು 400 ಮೀಟರನ್ನು ನಾಲ್ಕು ನಿಮಿಷದೊಳಗೆ ಈಜಿದ ಮೊದಲಿಗನಾದ. 1984ರ ಲಾಸ್ ಏಂಜಲೀಸ್ ಕೂಟಕ್ಕೆ ಮುನ್ನ ಅಮೆರಿಕದ ತಂಡದ 597 ಮಂದಿಯನ್ನು ಕ್ರಮಬದ್ಧವಾಗಿ ವಿಚಾರಿಸಿ ಪರೀಕ್ಷಿಸಿದಾಗ 67 ಮಂದಿಯಲ್ಲಿ ವ್ಯಾಯಾಮದ ಅಸ್ತಮಾ ಕಂಡಿತು. ಸರಿಯಾದ ಚಿಕಿತ್ಸೆ ಪಡೆದ ಆ 67 ಮಂದಿ ಗೆದ್ದ ಪದಕಗಳು 41. ಚಿಕ್ಕಂದಿನಿಂದ ಇದೇ ತೊಂದರೆಯಿರುವ ಬ್ರಿಟನ್ನಿನ ಪೌಲಾ ರ್‍ಯಾಡ್‌ಕ್ಲಿಫ್ 2003ರ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆ ಬರೆದರು.

ಎಲ್ಲವೂ ಅಲರ್ಜಿಯಿಂದಲೇ ಎಂದು ನಾನು ಹೇಳುತ್ತಿಲ್ಲ. ಹಿಮದ ಮೇಲೆ ಸ್ಕೀಯಿಂಗ್ ಮಾಡುವವರು, ಕ್ಲೋರಿನ್ ಬೆರೆತ ಈಜುಕೊಳದಲ್ಲಿ ವರ್ಷಗಟ್ಟಲೆ ಗಂಟೆಗಟ್ಟಲೆ ಈಜುವವರು, ಯಾವ ಅಲರ್ಜಿಯೂ ಇಲ್ಲದೆ, ಶ್ವಾಸನಾಳದ ಒಳಪದರಕ್ಕೆ ಮತ್ತೆ ಮತ್ತೆ ಆಗುವ ಗಾಸಿಯಿಂದಲೇ ಈ ಸ್ಥಿತಿಗೆ ಬರಬಹುದು. ಆದರೆ ದಿನಕ್ಕೆ ಒಂದು ಗಂಟೆ ನಡೆಯುವ, ವಾರಕ್ಕೆ ಮೂರು ದಿನ ಷಟಲ್ ಆಡುವ ನಮ್ಮಂಥವರ ಶ್ವಾಸನಾಳಕ್ಕೆ ಅಂಥ ಗಾಸಿಯಾಗುವಷ್ಟು ಶ್ರಮವಿಲ್ಲ. ನಮ್ಮಲ್ಲಿ ಅಲರ್ಜಿಯನ್ನೇ ಮೊದಲು ಹುಡುಕಬೇಕು.

ಚಿಕಿತ್ಸೆಯಲ್ಲಿ ಈ ನಂಟು ಏಕೆ ಮುಖ್ಯವೆಂದು ಈಗ ನೋಡೋಣ. ವ್ಯಾಯಾಮಕ್ಕೆ 10-15 ನಿಮಿಷ ಮುಂಚೆ ಸಾಲ್ಬುಟಮಾಲ್ ಪಂಪನ್ನು ಎಳೆದುಕೊಂಡರೆ ಎರಡರಿಂದ ನಾಲ್ಕು ಗಂಟೆ ರಕ್ಷಣೆ ಸಿಗುತ್ತದೆ. ಇದು ನಿಜ, ಮತ್ತು ಇಷ್ಟಕ್ಕೇ ನಿಲ್ಲುವವರೇ ಹೆಚ್ಚು. ಆದರೆ ಈ ಔಷಧಿ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಅಲರ್ಜಿಯ ಉರಿಯೂತವನ್ನು ಮುಟ್ಟುವುದಿಲ್ಲ. ದಿನವೂ ಅದನ್ನೇ ನೆಚ್ಚಿಕೊಂಡರೆ ವ್ಯಾಯಾಮದ ವಿರುದ್ಧ ಅದು ಕೊಡುವ ರಕ್ಷಣೆಯೂ ಕುಗ್ಗುತ್ತದೆ. ಸಾಲ್ಬುಟಮಾಲ್ ಒಂದನ್ನೇ ಅಸ್ತಮಾದ ಚಿಕಿತ್ಸೆಯಾಗಿ ಕೊಡಬಾರದು ಎಂದು ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ 2019ರಲ್ಲಿ ಸ್ಪಷ್ಟವಾಗಿ ಹೇಳಿದ್ದು ಇಂಥ ಕಾರಣಗಳಿಂದ. ಉರಿಯೂತವನ್ನು ಇಳಿಸುವುದು ಸ್ಟೀರಾಯ್ಡ್ ಇನ್ಹೇಲರ್. ಕೆಲವು ವಾರ ಕ್ರಮವಾಗಿ ಬಳಸಿದರೆ ಮಾಸ್ಟ್ ಕೋಶ, ಇಯೊಸಿನೊಫಿಲ್‌ಗಳ ದಟ್ಟಣೆ ತಗ್ಗಿ, ವ್ಯಾಯಾಮದಿಂದ ಆಗುವ ಬಿಗಿತವೇ ಕಡಿಮೆಯಾಗುತ್ತದೆ. ಸೌಮ್ಯ ಅಸ್ತಮಾ ಇರುವವರಿಗೆ ಬ್ಯುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಸ್ನಾಯುವನ್ನು ಸಡಿಲಿಸುವ ಫಾರ್ಮೊಟೆರಾಲ್ ಸೇರಿದ ಒಂದೇ ಇನ್ಹೇಲರನ್ನು ಅಗತ್ಯ ಬಿದ್ದಾಗ ಮತ್ತು ವ್ಯಾಯಾಮಕ್ಕೆ ಮುಂಚೆ ಬಳಸುವ ಕ್ರಮವೂ ಈಗ ಮಾನ್ಯವಾಗಿದೆ.

ಇನ್ಹೇಲರ್ ಎಂದರೆ ಭಯಪಡುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪಂಪಿನ ಒಂದು ಎಳೆತದಲ್ಲಿ ಇರುವ ಸಾಲ್ಬುಟಮಾಲ್ 100 ಮೈಕ್ರೋಗ್ರಾಂ. ಅದೇ ಔಷಧಿಯ ಒಂದು ಮಾತ್ರೆ 4 ಮಿಲಿಗ್ರಾಂ, ಅಂದರೆ ನಲವತ್ತು ಎಳೆತಗಳಷ್ಟು. ಮಾತ್ರೆ ನುಂಗಿದರೆ ಅದು ರಕ್ತದ ಮೂಲಕ ಇಡೀ ದೇಹವನ್ನು ಸುತ್ತಿ, ಕೈ ನಡುಗಿಸಿ, ಎದೆ ಬಡಿತ ಹೆಚ್ಚಿಸಿ, ಕೊನೆಗೆ ಶ್ವಾಸನಾಳಕ್ಕೆ ತಲುಪುತ್ತದೆ. ಪಂಪು ಚಟವಾಗುತ್ತದೆ, ಅದು ಕೊನೆಯ ಹಂತದ ಮದ್ದು ಎಂಬ ಮಾತು ನಮ್ಮ ಮನೆಮನೆಗಳಲ್ಲಿ ಬೇರೂರಿದೆ. ಈ ಮಾತನ್ನು ನಂಬಿ ವರ್ಷಗಟ್ಟಲೆ ಮಾತ್ರೆ ನುಂಗುತ್ತಾ, ಮೆಟ್ಟಿಲು ಹತ್ತುವುದನ್ನೂ ಬಿಟ್ಟವರಿದ್ದಾರೆ. ಪಂಪಿಗೂ ಬಾಯಿಗೂ ನಡುವೆ ಇಡುವ ಸ್ಪೇಸರ್ ಎಂಬ ಕೊಳವೆಯನ್ನು ಬಳಸುವುದು, ಸ್ಟೀರಾಯ್ಡ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸುವುದು, ಇವೆರಡನ್ನು ಮರೆಯದಿದ್ದರೆ ಸಾಕು.

ಮೂಗಿಗೆ ಪ್ರತ್ಯೇಕವಾಗಿ ಚಿಕಿತ್ಸೆ ಬೇಕು. ಸ್ಟೀರಾಯ್ಡ್ ಸ್ಪ್ರೇಯನ್ನು ಒಂದೆರಡು ದಿನ ಹಾಕಿ ಗುಣ ಕಾಣಲಿಲ್ಲವೆಂದು ಬಿಡುವವರು ಬಹಳ, ಆದರೆ ಅದರ ಪೂರ್ಣ ಪರಿಣಾಮಕ್ಕೆ ಒಂದೆರಡು ವಾರ ಬೇಕಾಗಬಹುದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ, ಮೂಗನ್ನು ತಕ್ಷಣ ತೆರೆಯುವ ಹನಿಗಳನ್ನು ಕೆಲವೇ ದಿನಗಳಾಚೆಗೆ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಸೀನಿಗೆ ನುಂಗುವ ಅಲರ್ಜಿ ಮಾತ್ರೆ ಮೂಗಿಗೆ ಒಳ್ಳೆಯದಾದರೂ ವ್ಯಾಯಾಮದ ದಮ್ಮಿಗೆ ಅದರಿಂದ ಸಿಗುವ ನೆರವು ಅಲ್ಪ. ಲ್ಯೂಕೋಟ್ರೈನ್‌ನ ಕೆಲಸವನ್ನು ತಡೆಯುವ ಮಾಂಟೆಲುಕಾಸ್ಟ್ ಮಾತ್ರೆ ಕೆಲವರಿಗೆ ದಿನವಿಡೀ ರಕ್ಷಣೆ ಕೊಡುತ್ತದೆ, ಎಲ್ಲರಿಗೂ ಅಲ್ಲ. ಜೊತೆಗೆ ಖಿನ್ನತೆ, ಕೆಟ್ಟ ಕನಸು, ಆತ್ಮಹತ್ಯೆಯ ಯೋಚನೆಗಳಂಥ ಮಾನಸಿಕ ಅಡ್ಡಪರಿಣಾಮಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರ ಮಾರ್ಚ್‌ನಲ್ಲಿ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ನೀಡಿದೆ. ನಮ್ಮಲ್ಲಿ ಅಲರ್ಜಿ ಮಾತ್ರೆಯ ಜೊತೆಗೇ ಬೆರೆಸಿ ಅದನ್ನು ಧಾರಾಳವಾಗಿ ಮಾರುವುದರಿಂದ ಇದನ್ನು ಹೇಳಲೇಬೇಕಾಗಿದೆ. ಧೂಳುನುಸಿಯಂಥ ಒಂದು ನಿರ್ದಿಷ್ಟ ಅಲರ್ಜಿಕಾರಕ ಖಚಿತವಾಗಿದ್ದವರಲ್ಲಿ, ಅಸ್ತಮಾ ಹತೋಟಿಗೆ ಬಂದ ಮೇಲೆ, ಆ ಅಲರ್ಜಿಕಾರಕವನ್ನೇ ಸ್ವಲ್ಪಸ್ವಲ್ಪವಾಗಿ ಕೊಟ್ಟು ದೇಹವನ್ನು ಅದಕ್ಕೆ ಒಗ್ಗಿಸುವ, ಮೂರು ವರ್ಷದಷ್ಟು ಕಾಲ ನಡೆಸುವ ಇಮ್ಯುನೋಥೆರಪಿಯನ್ನೂ ತಜ್ಞರು ಯೋಚಿಸಬಹುದು.

ಔಷಧಿಯಲ್ಲದ ಉಪಾಯಗಳಲ್ಲಿ ನಾನು ಬಹಳ ಬೆಲೆ ಕೊಡುವುದು ವಾರ್ಮ್ ಅಪ್‌ಗೆ. ಒಮ್ಮೆ ಶ್ವಾಸನಾಳ ಬಿಗಿದು ಸಡಿಲವಾದ ಮೇಲೆ ಸುಮಾರು ಅರ್ಧದಷ್ಟು ಜನರಲ್ಲಿ ಒಂದರಿಂದ ಮೂರು ಗಂಟೆಯವರೆಗೆ ಅದು ಮತ್ತೆ ಅಷ್ಟು ಸುಲಭವಾಗಿ ಬಿಗಿಯುವುದಿಲ್ಲ. ಆಟಕ್ಕೆ ಮುಂಚೆ ಅರ್ಧ ನಿಮಿಷದ ಚುರುಕು ಓಟ, ನಡುವೆ ಬಿಡುವು, ಮತ್ತೆ ಓಟ ಹೀಗೆ ಹತ್ತು ಹದಿನೈದು ನಿಮಿಷ ದೇಹವನ್ನು ಸಜ್ಜುಗೊಳಿಸಿದರೆ ಈ ಗುಣದ ಲಾಭ ಸಿಗುತ್ತದೆ. ಚಳಿಯಲ್ಲಿ ಮೂಗು ಬಾಯಿಗೆ ಮಫ್ಲರ್ ಅಥವಾ ಮಾಸ್ಕ್ ಇದ್ದರೆ ಹೊರಹೋಗುವ ಉಸಿರಿನ ಶಾಖ ಮತ್ತು ತೇವ ಒಳಬರುವ ಗಾಳಿಗೆ ದೊರೆಯುತ್ತವೆ. ಮನೆಯಲ್ಲಿ ಹಾಸಿಗೆ ಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯುವುದು, ಒಣ ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ನುಸಿಯ ಹೊರೆಯನ್ನು ತಗ್ಗಿಸುತ್ತವೆ.

ಮೊದಲು ಸೂಚಿಸಿದ ಅಪಾಯಕಾರಿ ಸನ್ನಿವೇಶಕ್ಕೆ ಬರುತ್ತೇನೆ. ಕೆಲವು ವಯಸ್ಕರಿಗೆ ಗೋಧಿ ಅಥವಾ ಸಿಗಡಿಯಂಥ ಆಹಾರವನ್ನು ತಿಂದು ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಬರಿಹೊಟ್ಟೆಯಲ್ಲಿ ಓಡಿದರೂ ಏನೂ ಆಗುವುದಿಲ್ಲ. ತಿಂದ ಎರಡು ನಾಲ್ಕು ಗಂಟೆಗಳೊಳಗೆ ಓಡಿದರೆ ಮಾತ್ರ ಮೈತುಂಬ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಬೀಳುತ್ತಾರೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಅಥವಾ ಮದ್ಯ ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು. ಇದು ಅಸ್ತಮಾ ಅಲ್ಲ, ಅನಾಫಿಲಾಕ್ಸಿಸ್. ಇದಕ್ಕೆ ಪಂಪು ಸಾಲದು, ತೊಡೆಯ ಸ್ನಾಯುವಿಗೆ ಅಡ್ರಿನಲಿನ್ ಚುಚ್ಚುಮದ್ದು ತಕ್ಷಣ ಬೇಕು. ಓಡುವಾಗ ದಮ್ಮಿನ ಜೊತೆಗೆ ಚರ್ಮದಲ್ಲಿ ಗಂಧೆ ಕಂಡರೆ ಓಟವನ್ನು ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ, ಆ ದಿನ ಏನೇನು ತಿಂದಿರೆಂದು ಬರೆದಿಟ್ಟುಕೊಳ್ಳಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಮೊದಲನೆಯದು ಪ್ರಾಣಾಯಾಮದ್ದು. ನಿಧಾನವಾದ ಉಸಿರಾಟದ ಅಭ್ಯಾಸದಿಂದ ಅಸ್ತಮಾ ರೋಗಿಗಳ ನೆಮ್ಮದಿ ಹೆಚ್ಚುತ್ತದೆ, ಅದನ್ನು ಔಷಧಿಯ ಜೊತೆಗೆ ಮಾಡಬಹುದು, ಔಷಧಿಯ ಬದಲಿಗೆ ಅಲ್ಲ. ಭಸ್ತ್ರಿಕಾದಂಥ ರಭಸದ ಉಸಿರಾಟದ ಬಗ್ಗೆ ಮಾತ್ರ ಎಚ್ಚರಿಕೆ ಬೇಕು. ವ್ಯಾಯಾಮದ ಅಸ್ತಮಾವನ್ನು ಪತ್ತೆ ಮಾಡಲು ರೋಗಿಯನ್ನು ಕುಳ್ಳಿರಿಸಿ ಆರು ನಿಮಿಷ ಒಣಗಾಳಿಯನ್ನು ವೇಗವಾಗಿ ಉಸಿರಾಡಿಸುವ ಪರೀಕ್ಷೆಯೊಂದಿದೆ, ಓಡದೆಯೇ ಅವರ ಶ್ವಾಸನಾಳ ಬಿಗಿಯುತ್ತದೆ. ಹತೋಟಿಯಿಲ್ಲದ ಅಸ್ತಮಾ ಇರುವವರು ಚಳಿಗಾಲದ ಮುಂಜಾವಿನಲ್ಲಿ ಬಯಲಿನಲ್ಲಿ ಕುಳಿತು ವೇಗದ ಉಸಿರಾಟ ನಡೆಸಿದರೆ ಅದೇ ಪರಿಣಾಮ ಆಗಬಹುದು. ಎರಡನೆಯ ಪ್ರಶ್ನೆ, ಇನ್ಹೇಲರ್ ಎಷ್ಟು ಕಾಲ ಬೇಕು ಎಂಬುದು. ಮೂರು ತಿಂಗಳ ಕಾಲ ರಾತ್ರಿ ಕೆಮ್ಮಿಲ್ಲದೆ, ಎಂದಿನ ಆಟ ಓಟಕ್ಕೆ ತಡೆಯಿಲ್ಲದೆ ಕಳೆದರೆ ವೈದ್ಯರು ಪ್ರಮಾಣವನ್ನು ಒಂದು ಮೆಟ್ಟಿಲು ಇಳಿಸಿ ನೋಡುತ್ತಾರೆ. ಪರಾಗದ ಅಲರ್ಜಿಯೊಂದೇ ಇರುವವರಿಗೆ ಆ ಋತುವಿನ ತಿಂಗಳುಗಳಲ್ಲಿ ಮಾತ್ರ ಸಾಕಾಗಬಹುದು, ಧೂಳುನುಸಿಯ ಅಲರ್ಜಿ ಇರುವವರಿಗೆ ಕನಿಷ್ಠ ಪ್ರಮಾಣದಲ್ಲಿ ವರ್ಷವಿಡೀ ಬೇಕಾಗುವುದುಂಟು. ಇಳಿಸಿದ ಮೇಲೆ ಮತ್ತೆ ನಡಿಗೆಯ ನಂತರ ಕೆಮ್ಮು ಕಾಣಿಸಿಕೊಂಡರೆ ಹಿಂದಿನ ಪ್ರಮಾಣಕ್ಕೆ ಮರಳುತ್ತೇವೆ.